ಟಾರ್ ಬ್ರೌಸರಿನ ಆಕ್ಷೇಪಣೆಗಳು: ಫಿಲ್ಟರ್ ಪಟ್ಟಿಗಳ ಆಯ್ಕೆಯನ್ನು ಕುರಿತು ಒಂದು ವಿಮರ್ಶೆ

ಗೋಪ್ಯತೆಯನ್ನೇ ಮುಖ್ಯ ಧ್ಯೇಯವಾಗಿ ಉಳ್ಳ ಬ್ರೌಸರಿನಲ್ಲಿ ಜಾಹೀರಾತುಗಳನ್ನು ತಡೆಯುವ ಫಿಲ್ಟರ್ ಪಟ್ಟಿಗಳು ಎಷ್ಟಿರಬೇಕೆಂಬ ಪ್ರಶ್ನೆಗೆ, ಹೆಚ್ಚಿದ್ದಷ್ಟೂ ಕ್ಷೇಮವೆಂಬ ಉತ್ತರ ಸಾಮಾನ್ಯವಾಗಿ ಬರುತ್ತದೆ. ಟಾರ್ ಬ್ರೌಸರಿನ ವಿನ್ಯಾಸವನ್ನು ನಿರೂಪಿಸುವ ದಸ್ತಾವೇಜು ಇದಕ್ಕೆ ತೀರ ವಿರುದ್ಧವಾದ ನಿಲುವನ್ನು ತಾಳಿ, ಇಂತಹ ಪಟ್ಟಿಗಳೇ ಬೇಡವೆನ್ನುತ್ತದೆ. ಆ ವಾದವನ್ನು ಇತರ ದಾಖಲೆಗಳಂತೆಯೇ ಒರೆಗೆ ಹಚ್ಚಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಆಕ್ಷೇಪಣೆಗಳಲ್ಲಿ ಮುಖ್ಯವಾದುವು ಮೂರು. ಬಳಕೆದಾರರ ಜಾಡು ಹಿಡಿಯುವವರು ಹೊಸ ವಿಳಾಸವನ್ನು ನೋಂದಾಯಿಸಿಕೊಂಡರೆ ಪಟ್ಟಿ ನಿಷ್ಫಲವಾಗುತ್ತದೆ, ಪುಟಗಳು ಕೆಡುತ್ತವೆ, ಒಬ್ಬೊಬ್ಬರೂ ತಮಗೆ ತೋಚಿದ ಪಟ್ಟಿಗಳನ್ನು ಕೂಡಿಸಿಕೊಂಡರೆ ಆ ಕೂಟವೇ ಅವರನ್ನು ಗುರುತಿಸುವ ಚಿಹ್ನೆಯಾಗುತ್ತದೆ.

ಮೊದಲನೆಯದು ಅರ್ಧ ಸತ್ಯ. 2005ರಲ್ಲಿ ರಿಕ್ ಪೆಟ್ನೆಲ್ ಆರಂಭಿಸಿದ ಈಸಿಲಿಸ್ಟ್, ಅವರು 2009ರಲ್ಲಿ ತೀರಿಕೊಂಡ ಮೇಲೂ ಸ್ವಯಂಸೇವಕರ ಶ್ರಮದಿಂದ ನಡೆದುಬಂದಿದೆ. ಹೊಸ ವಿಳಾಸ ಕಂಡಂತೆಲ್ಲ ಹೊಸ ನಿಯಮ ಸೇರುತ್ತದೆ. ದೋಷವಿರುವುದು ಬೇರೆಡೆ. ಸೇರಿದ್ದು ಸುಲಭವಾಗಿ ಹೊರಹೋಗದು. ಸ್ನೈಡರ್, ವಾಸ್ಟೆಲ್, ಲಿವ್‌ಶಿಟ್ಸ್ ಎಂಬ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈಸಿಲಿಸ್ಟಿನ ತಡೆ ನಿಯಮಗಳಲ್ಲಿ ಸುಮಾರು ಶೇಕಡ 90ರಷ್ಟು ಸಾಮಾನ್ಯ ಬಳಕೆಯಲ್ಲಿ ಪ್ರಯೋಜನಕ್ಕೆ ಬಾರವು. ಒಂದೇ ಪಟ್ಟಿಯ ಸ್ಥಿತಿ ಹೀಗಿರುವಾಗ, ಹತ್ತು ಪಟ್ಟಿಗಳನ್ನು ಪೇರಿಸುವುದರಿಂದ ರಕ್ಷಣೆ ಹತ್ತುಪಟ್ಟಾಗುವುದೆಂಬ ನಂಬಿಕೆಗೆ ಆಧಾರವಿಲ್ಲ. ಎರಡನೆಯ ಆಕ್ಷೇಪಣೆಯೂ ಪಟ್ಟಿಗಳು ಮಿತವಾಗಿರಬೇಕೆಂಬುದನ್ನು ಸಾಧಿಸುತ್ತದೆಯೇ ಹೊರತು, ಇರಕೂಡದೆಂಬುದನ್ನಲ್ಲ.

ಮೂರನೆಯದೇ ಪ್ರಬಲವಾದುದು. ಯಾವ ಕೋರಿಕೆಗಳು ತಡೆಯಲ್ಪಟ್ಟುವೆಂಬುದನ್ನು ಜಾಲತಾಣವು ಪರೀಕ್ಷಿಸಿ ತಿಳಿಯಬಲ್ಲದು. ವಿಶಿಷ್ಟವಾದ ಆಯ್ಕೆ ಮಾಡಿದವರು ಗುಂಪಿನಿಂದ ಬೇರೆಯಾಗಿ ಕಾಣುತ್ತಾರೆ. ಆದರೆ ಈ ವಾದವು ಖಂಡಿಸುವುದು ಪಟ್ಟಿಯನ್ನಲ್ಲ, ಸ್ವಂತ ಆಯ್ಕೆಯನ್ನು. ಇದಕ್ಕೆ ನಿದರ್ಶನವನ್ನು ಟಾರ್ ಸಂಸ್ಥೆಯೇ ಒದಗಿಸಿದೆ. 2023ರಲ್ಲಿ ಅದು ಮುಲ್ವಾಡ್ ಸಂಸ್ಥೆಯೊಡಗೂಡಿ ಹೊರತಂದ ಬ್ರೌಸರಿನಲ್ಲಿ ಯುಬ್ಲಾಕ್ ಆರಿಜಿನ್ ಮೊದಲೇ ಅಳವಟ್ಟಿದೆ. ಎಲ್ಲರಲ್ಲಿಯೂ ಒಂದೇ ಪಟ್ಟಿಯಿದ್ದರೆ ಅದು ಯಾರ ಗುರುತೂ ಆಗಲಾರದು.

ಹಾಗೆಂದು ಟಾರಿನ ನಿರಾಕರಣೆ ನಿರಾಧಾರವೆನ್ನಲಾಗದು. ಅದು ಕುಕಿಗಳನ್ನು ತಾಣದಿಂದ ತಾಣಕ್ಕೆ ಬೇರ್ಪಡಿಸಿಡುತ್ತದೆ. ಈ ತಳಹದಿಯಿಲ್ಲದ ಬ್ರೌಸರು ಅದೇ ವಾದವನ್ನು ಎರವಲು ಪಡೆಯುವಂತಿಲ್ಲ.

ಒಟ್ಟಿನಲ್ಲಿ, ಗುಂಪಿನಲ್ಲಿ ಮರೆಯಾಗುವುದೇ ಗುರಿಯಾದ ಬ್ರೌಸರಿನಲ್ಲಿ ಬಂದುದನ್ನು ಬಂದಂತೆಯೇ ಇಟ್ಟುಕೊಳ್ಳತಕ್ಕದ್ದು. ಉಳಿದವುಗಳಲ್ಲಿ ಈಸಿಲಿಸ್ಟ್ ಮತ್ತು ಜಾಡು ಹಿಡಿಯುವುದನ್ನು ತಡೆಯುವ ಈಸಿಪ್ರೈವಸಿ ಸಾಮಾನ್ಯವಾಗಿ ಸಾಕು. ಅದಕ್ಕೆ ಮೇಲ್ಪಟ್ಟ ಪ್ರತಿಯೊಂದು ಪಟ್ಟಿಯ ವಿಷಯದಲ್ಲಿಯೂ ಬರೆದವರಾರು, ತಿದ್ದುವವರಾರು, ವಿನಾಯಿತಿ ಯಾರಿಗೆ ಎಂಬ ಪ್ರಶ್ನೆಗಳನ್ನು ಕೇಳಿಯೇ ಮುಂದುವರಿಯುವುದು ಯುಕ್ತ. ಆಕರಗಳ ವಿಷಯದಲ್ಲಿ ನಾವು ವಿದ್ಯಾರ್ಥಿಗಳಿಗೆ ಬೋಧಿಸುವ ಎಚ್ಚರವೂ ಇದೇ ಅಲ್ಲವೆ?