ದೇಶಕಾಲವಿರೋಧವೂ ಸಂಗೀತವೂ: ಎರಡು ಚಿತ್ರಕೃತಿಗಳ ವಿವೇಚನೆ

ಪ್ರಾಚೀನ ಕಥೆಯೊಂದಕ್ಕೆ ಇಂದಿನ ಸಂಗೀತವನ್ನು ಹೊಂದಿಸಿದರೆ ಅದು ಕೃತಿಗೆ ದೋಷವಾಗುವುದೋ ಗುಣವಾಗುವುದೋ ಎಂಬ ಪ್ರಶ್ನೆ ನಮ್ಮ ಆಲಂಕಾರಿಕರಿಗೆ ಹೊಸದಲ್ಲ. ದಂಡಿಯು ತನ್ನ ‘ಕಾವ್ಯಾದರ್ಶ’ದಲ್ಲಿ ದೇಶಕಾಲವಿರೋಧವನ್ನು ದೋಷಗಳಲ್ಲಿ ಎಣಿಸಿರುವನಾದರೂ, ಕವಿಯ ಕೌಶಲದಿಂದ ಇಂಥ ವಿರೋಧವೂ ಒಮ್ಮೊಮ್ಮೆ ದೋಷದ ಎಣಿಕೆಯನ್ನು ದಾಟಿ ಗುಣದ ಸಾಲಿಗೆ ಸೇರುವುದುಂಟೆಂದು ಒಪ್ಪಿದ್ದಾನೆ. ಆ ಕೌಶಲ ಯಾವುದೆಂಬುದೇ ಇಲ್ಲಿ ನಮ್ಮ ವಿಚಾರ.

ಮೈಸೂರಿನವರು ಈ ವಿರೋಧವನ್ನು ಬಹುಕಾಲ ಕೇಳಿ ಸುಖಿಸಿದವರು. ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಬಸವಪ್ಪ ಶಾಸ್ತ್ರಿಗಳು (1843–1891) ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದಾಗ ಅದರಲ್ಲಿ ಅವರ ಕಾಲದ ಹಾಡುಗಳೂ ಸೇರಿದವು. ಮುಂದೆ ಕಂಪನಿ ನಾಟಕಗಳಲ್ಲಿ ಪುರಾಣದ ರಾಜರು ಹಾರ್ಮೋನಿಯಂ ಶ್ರುತಿಗೆ ಹಾಡಿದರು. ಆ ವಾದ್ಯಕ್ಕೆ ಪ್ಯಾರಿಸ್ಸಿನಲ್ಲಿ ಸ್ವಾಮ್ಯಪತ್ರ ದೊರೆತದ್ದು 1842ರಲ್ಲಿ. ರಸಿಕರು ಅದನ್ನು ಕಾಲದೋಷವೆಂದು ತಳ್ಳಲಿಲ್ಲ. ಕಿವಿಗೆ ರೂಢಿಯಾದುದು ಪ್ರಾಚೀನವೆಂದೇ ತೋರಿತು. ಈ ಭ್ರಮೆಯನ್ನು ಅರಿಯದೆ ಇಂದಿನ ಕೃತಿಗಳನ್ನು ತೂಗಲಾಗದು.

ನಾವು ಎತ್ತಿಕೊಂಡಿರುವ ಮೊದಲನೆಯ ಕೃತಿ ಗಿರೀಶ ಕಾರ್ನಾಡರು ನಿರ್ದೇಶಿಸಿದ ‘ಒಂದಾನೊಂದು ಕಾಲದಲ್ಲಿ’ (1978). ಜಪಾನಿನ ಕುರೊಸಾವಾನ ಸಾಮುರಾಯ್ ಚಿತ್ರಗಳಿಂದ ಪ್ರೇರಣೆ ಪಡೆದು, ಕೂಲಿಗೆ ಕತ್ತಿ ಹಿಡಿಯುವ ವೀರನನ್ನು ಮಧ್ಯಯುಗದ ಕರ್ನಾಟಕಕ್ಕೆ ತಂದ ಚಿತ್ರವಿದು. ಒಡಹುಟ್ಟಿದ ನಾಯಕರಿಬ್ಬರ ಹಗೆತನದಲ್ಲಿ ಗಂಡುಗಲಿ (ಶಂಕರ್‌ನಾಗ್) ಒಂದು ಪಕ್ಷವನ್ನು ಸೇರುತ್ತಾನೆ. ಎದುರು ಪಕ್ಷದ ದಂಡನಾಯಕ ಪೆರ್ಮಾಡಿ (ಸುಂದರಕೃಷ್ಣ ಅರಸ್). ಒಡೆಯರ ಕೈಯಲ್ಲಿ ತಾವಿಬ್ಬರೂ ಬರಿಯ ಆಯುಧಗಳೆಂಬುದು ವೈರಿಗಳಿಗೆ ತಡವಾಗಿ ತಿಳಿಯುತ್ತದೆ.

ಎರಡನೆಯದು ಜಪಾನಿನ ಶಿನಿಚಿರೊ ವತನಾಬೆ ನಿರ್ದೇಶಿಸಿದ ‘ಸಾಮುರಾಯ್ ಚಾಂಪ್ಲೂ’. ಅನಿಮೆ ಎಂಬ ಹೆಸರಿನಿಂದ ನಮ್ಮ ವಿದ್ಯಾರ್ಥಿಗಳಿಗೂ ಪರಿಚಿತವಾದ ಚಲಿಸುವ ಚಿತ್ರಗಳ ಪ್ರಕಾರಕ್ಕೆ ಸೇರಿದ ಈ ಧಾರಾವಾಹಿ 2004–05ರಲ್ಲಿ 26 ಕಂತುಗಳಾಗಿ ಪ್ರಸಾರವಾಯಿತು. ಎದೊ ಯುಗದ ಜಪಾನಿನಲ್ಲಿ ಫೂ ಎಂಬ ಹುಡುಗಿ, ಸೂರ್ಯಕಾಂತಿಯ ಕಂಪುಳ್ಳ ಸಾಮುರಾಯ್ ಒಬ್ಬನನ್ನು ಅರಸಿ, ಮುಗೆನ್ ಮತ್ತು ಜಿನ್ ಎಂಬ ಕತ್ತಿವರಸೆಗಾರರೊಡನೆ ನಾಗಸಾಕಿಯತ್ತ ನಡೆಯುತ್ತಾಳೆ. ಈ ಪಯಣದ ಹಿನ್ನೆಲೆಯಲ್ಲಿ ಕೇಳುವುದು ಹಿಪ್‌ಹಾಪ್ ಸಂಗೀತ.

ಕಾರ್ನಾಡರ ಚಿತ್ರಕ್ಕೆ ಸಂಗೀತ ನೀಡಿದವರು ಭಾಸ್ಕರ ಚಂದಾವರ್ಕರ್. ಚಿತ್ರದ ಹೆಸರನ್ನೇ ಹೊತ್ತ ಚಂದ್ರಶೇಖರ ಕಂಬಾರರ ಹಾಡು ಜಾನಪದ ಧಾಟಿಯಲ್ಲಿದೆ. ಅದು ಇಪ್ಪತ್ತನೆಯ ಶತಮಾನದ ರಚನೆ; ಆದರೂ ಕೇಳುವವನಿಗೆ ಹಳೆಯದೆಂದೇ ತೋರುತ್ತದೆ. ಇದರಿಂದ ಕೃತಿಗೆ ಲಾಭವುಂಟು: ಕಥೆ ಇಸವಿಯ ಬಂಧನವನ್ನು ಕಳಚಿ ಜನರ ನಾಲಗೆಯ ಮೇಲಿನ ಕಥೆಯಾಗುತ್ತದೆ. ನಷ್ಟವೂ ಉಂಟು. ಗತಕಾಲದ ಸೊಗಸನ್ನು ನೆನೆಯುವ ಹಾಡಿಗೂ, ಆ ಕಾಲದ ಕ್ರೌರ್ಯವನ್ನು ತೋರುವ ಚಿತ್ರಕ್ಕೂ ನಡುವೆ ಇರುವ ವ್ಯಂಗ್ಯ ಹಾಡಿನ ಮಾಧುರ್ಯದಲ್ಲಿ ಅನೇಕರಿಗೆ ಕೇಳಿಸದೆ ಹೋಗಬಹುದು.

ವತನಾಬೆಯ ಮಾರ್ಗ ಬೇರೆ. ಆತ ಕಾಲವಿರೋಧವನ್ನು ಮುಚ್ಚಿಡುವುದಿಲ್ಲ. ನುಜಾಬೆಸ್ ಮೊದಲಾದ ಸಂಗೀತಕಾರರು ಹಳೆಯ ಧ್ವನಿಮುದ್ರಿಕೆಗಳ ತುಣುಕುಗಳನ್ನು ಕತ್ತರಿಸಿ, ಮರುಕಳಿಸಿ, ಹೊಸ ತಾಳಕ್ಕೆ ಕೂಡಿಸುವವರು. ಕಥೆಯ ರಚನೆಯೂ ಹಾಗೆಯೇ ಇದೆ: ಇತಿಹಾಸದ ತುಣುಕುಗಳನ್ನು ಕಿತ್ತು ಹೊಸದಾಗಿ ಜೋಡಿಸಿದೆ, ದೃಶ್ಯದಿಂದ ದೃಶ್ಯಕ್ಕೆ ಹೋಗುವಾಗ ತಟ್ಟೆಯನ್ನು ಉಜ್ಜಿದ ಸದ್ದು ಕೇಳುತ್ತದೆ. ಸಂಗೀತದ ವಿಧಾನವೇ ಕಥನದ ವಿಧಾನವಾಗಿರುವುದು ಇಲ್ಲಿನ ಔಚಿತ್ಯ. ‘ಚಾಂಪ್ಲೂ’ ಎಂಬುದು ಒಕಿನಾವಾದ ಮಾತಿನಲ್ಲಿ ಬೆರಕೆಯನ್ನು ಸೂಚಿಸುವ ಪದ. ಮುಗೆನ್ ಆ ರ್ಯುಕ್ಯು ದ್ವೀಪಗಳ ಕಡೆಯವನು. ಹದಿನಾಲ್ಕನೆಯ ಕಂತಿನಲ್ಲಿ ಅವನು ಸಾವಿನ ಅಂಚಿಗೆ ಬಂದಾಗ ಹಿಪ್‌ಹಾಪ್ ತಾಳ ಹಿಂದೆ ಸರಿದು, ಅಮಾಮಿ ದ್ವೀಪದ ಗಾಯಕಿ ಇಕುಎ ಅಸಾಜಕಿಯ ಕಂಠದಲ್ಲಿ ದ್ವೀಪದ ಹಾಡು ಏಳುತ್ತದೆ. ಹೊಸದನ್ನು ಎಲ್ಲಿ ನಿಲ್ಲಿಸಬೇಕೆಂಬ ಅರಿವು ಇಲ್ಲಿ ಕಾಣುತ್ತದೆ. ಆ ಹಾಡಿಗೆ ಅಷ್ಟು ತೂಕ ಬಂದದ್ದು ಅದಕ್ಕೆ ಮುಂಚಿನ ಕಂತುಗಳಲ್ಲಿ ಹೊಸ ತಾಳವೇ ತುಂಬಿದ್ದುದರಿಂದ.

ಈ ಅರಿವು ಎಲ್ಲ ಕಡೆಯೂ ಸಮನಾಗಿ ಇಲ್ಲ. ಒಂದು ಕಂತಿನಲ್ಲಿ ಈ ಮೂವರು ಅಮೆರಿಕನ್ನರ ಎದುರು ಬೇಸ್‌ಬಾಲ್ ಆಡುತ್ತಾರೆ. ಜಪಾನಿಗೆ ಆ ಆಟ ಬಂದದ್ದು ಎದೊ ಯುಗ ಮುಗಿದ ಮೇಲೆ. ಅಲ್ಲಿ ವಿರೋಧ ನಗೆಯನ್ನು ಹುಟ್ಟಿಸಿ ಅಷ್ಟಕ್ಕೇ ನಿಲ್ಲುತ್ತದೆ. ಪಾತ್ರಗಳ ವಿಷಯದಲ್ಲಿ ನಮಗೆ ಹೊಸದೇನೂ ತಿಳಿಯುವುದಿಲ್ಲ. ಇದನ್ನು ಗುಣವೆನ್ನಲು ನಾವು ಸಿದ್ಧರಿಲ್ಲ.

ಪಂಪನು ಅರಿಕೇಸರಿಯನ್ನು ಅರ್ಜುನನೊಡನೆ ಒಂದುಗೂಡಿಸಿದಾಗ ಕಾಲವಿರೋಧವನ್ನು ಕಾವ್ಯದ ನಡುವೆಯೇ ನಿಲ್ಲಿಸಿದನು. ಅದು ಅವನ ಕಾವ್ಯಕ್ಕೆ ಅರ್ಥವನ್ನು ಕೂಡಿಸಿತು. ಆ ಕೌಶಲ ಯಾವುದೆಂಬ ನಮ್ಮ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ: ಬೆರಸಿದ ಹೊಸತು ಹಳೆಯ ಕಥೆಯಲ್ಲಿ ಅಡಗಿದ್ದ ಅರ್ಥವನ್ನು ಹೊರತರಬೇಕು. ಆದುದರಿಂದ ಐತಿಹಾಸಿಕ ಕೃತಿಗಳನ್ನು ಪಾಠಹೇಳುವಾಗ, ಸಂಗೀತ ಆ ಕಾಲದ್ದೇ ಎಂದು ಕೇಳಿ ಅಲ್ಲಿಗೇ ಬಿಡುವುದು ಸಾಲದು. ಹಾಗೆ ಕೇಳಿದರೆ ಕಾರ್ನಾಡರ ಚಿತ್ರವೂ, ಮೈಸೂರಿನ ರಂಗಭೂಮಿಯೂ ಉತ್ತೀರ್ಣವಾಗಲಾರವು. ಆ ಸಂಗೀತ ಕಥೆಗೆ ಏನು ಮಾಡುತ್ತಿದೆ ಎಂದು ಕೇಳುವುದನ್ನು ವಿದ್ಯಾರ್ಥಿಗಳಿಗೆ ಕಲಿಸಿದರೆ, ರೂಢಿಯನ್ನು ಇತಿಹಾಸವೆಂದು ಭ್ರಮಿಸುವ ದೋಷದಿಂದ ಅವರೂ ನಾವೂ ಪಾರಾಗಬಹುದು.