ಹೆಣದ ಮುಂದೆ ಶಾಸ್ತ್ರ

ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' (1965) ಕಾದಂಬರಿಯನ್ನು ಪ್ರಾಣೇಶಾಚಾರ್ಯರ ಅಂತರಂಗದ ಕಥೆಯಾಗಿ ಓದುವುದು ನಮಗೆ ರೂಢಿ. ನನಗೆ ಅದರ ಮೊದಲ ಭಾಗ ಒಂದು ಕಾನೂನಿನ ತಕರಾರಿನ ಹಾಗೂ ಕಾಣುತ್ತದೆ.

ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಮಾಂಸ ತಿಂದವನು, ಹೆಂಡ ಕುಡಿದವನು, ಚಂದ್ರಿಯೊಡನೆ ಬಾಳಿದವನು. ಆದರೆ ಅವನಿಗೆ ಬಹಿಷ್ಕಾರ ಹಾಕಿರಲಿಲ್ಲ. ಹಾಕಿದರೆ ಮುಸಲ್ಮಾನನಾಗುತ್ತೇನೆಂದು ಹೆದರಿಸಿದ್ದ. ಹಾಗಾಗಿ ನಿಯಮದ ಲೆಕ್ಕದಲ್ಲಿ ಅವನು ಬ್ರಾಹ್ಮಣನಾಗಿಯೇ ಸತ್ತ. ಅವನ ದಹನ ಮಾಡಿದರೆ ಕುಲಗೆಡುವ ಭಯ. ಮಾಡುವ ತನಕ ಅಗ್ರಹಾರದಲ್ಲಿ ಯಾರೂ ಊಟ ಮಾಡುವಂತಿಲ್ಲ.

ಈ ಊಟದ ನಿಯಮವನ್ನೇ ಗಮನಿಸಿ. ಸತ್ತವನನ್ನು ಮರೆತು ಬದುಕಿರುವವರು ಎಲೆ ಮುಂದೆ ಕೂರಬಾರದು ಎಂಬ ಮರ್ಯಾದೆಯೇ ಅದರ ಮೂಲದಲ್ಲಿದೆ ಎಂದು ನಾನು ತಿಳಿಯುತ್ತೇನೆ. ಅಂದರೆ ಅದೂ ಒಂದು ಕಾಲಕ್ಕೆ ನೀತಿಯೇ. ಅಗ್ರಹಾರದವರಿಗೆ ಅದರಲ್ಲಿ ಉಳಿದಿರುವುದು ತಮ್ಮ ಹೊಟ್ಟೆಯ ಚಿಂತೆ ಮಾತ್ರ. ಚಂದ್ರಿ ಒಡವೆ ಬಿಚ್ಚಿ ಮುಂದಿಟ್ಟ ಮೇಲಂತೂ, ಹೊಣೆಯನ್ನು ಒಬ್ಬರ ಮೇಲೊಬ್ಬರು ಹಾಕುತ್ತಿದ್ದ ಗರುಡಾಚಾರ್ಯ, ಲಕ್ಷ್ಮಣಾಚಾರ್ಯರಿಗೆ ಅದೇ ಹೊಣೆ ಹಕ್ಕಾಗಿ ಕಾಣತೊಡಗುತ್ತದೆ. ಶಾಸ್ತ್ರದ ಒಂದಕ್ಷರವೂ ಬದಲಾಗಿಲ್ಲ.

ಪ್ರಾಣೇಶಾಚಾರ್ಯರು ಅಂಥವರಲ್ಲ. ಓಲೆಗರಿಗಳಲ್ಲಿ ಉತ್ತರ ಹುಡುಕುತ್ತಾರೆ. ಸಿಗದಾಗ ಮಾರುತಿಯ ಗುಡಿಯಲ್ಲಿ ಪ್ರಸಾದಕ್ಕಾಗಿ ಕಾಯುತ್ತಾರೆ. ಅವರ ಪ್ರಾಮಾಣಿಕತೆಯಲ್ಲಿ ಕೊರತೆಯಿಲ್ಲ. ಆದರೆ ಅವರೂ ಕೇಳುತ್ತಿರುವುದು 'ಇದಕ್ಕೆ ಅಪ್ಪಣೆ ಇದೆಯೇ?' ಎಂದೇ. ಅಪ್ಪಣೆ ಬರುವ ತನಕ ಹೆಣ ಕಾಯುವುದಿಲ್ಲ, ಕೊಳೆಯುತ್ತದೆ. ಸ್ವಾರ್ಥಿಗಳೂ ಸಜ್ಜನರೂ ಇಲ್ಲಿ ಒಂದೇ ಕಡೆ ನಿಂತುಬಿಡುತ್ತಾರೆ ಎಂಬುದು ಕಾದಂಬರಿಯ ಕಟುವಾದ ಮಾತು.

ಚಂದ್ರಿ ಅಪ್ಪಣೆಗಾಗಿ ಕಾದು ಕಾದು ಕೊನೆಗೆ ಕಾಯುವುದನ್ನು ಬಿಡುತ್ತಾಳೆ. ಗಾಡಿಯವನನ್ನು ಕೇಳುತ್ತಾಳೆ, ಬ್ರಾಹ್ಮಣನ ಹೆಣ ಮುಟ್ಟಲು ಅವನು ಹೆದರುತ್ತಾನೆ. ಆಗ ಒದಗುವವನು ಮೀನಿನ ವ್ಯಾಪಾರಿ ಅಹಮದ್ ಬ್ಯಾರಿ. ಹಿಂದೊಮ್ಮೆ ಎತ್ತು ಕೊಳ್ಳಲು ನಾರಣಪ್ಪ ಅವನಿಗೆ ದುಡ್ಡು ಕೊಟ್ಟಿದ್ದ. ಶಾಸ್ತ್ರದ ಪ್ರಕಾರ ಈ ಹೆಣಕ್ಕೂ ಅವನಿಗೂ ಯಾವ ಸಂಬಂಧವೂ ಇಲ್ಲ. ಇರುವುದು ಉಪಕಾರದ ನೆನಪು. ರಾತ್ರಿ ಮಂತ್ರವಿಲ್ಲದೆ ದಹನ ಮುಗಿಯುತ್ತದೆ. ಚಂದ್ರಿ ಕುಂದಾಪುರದ ದಾರಿ ಹಿಡಿಯುತ್ತಾಳೆ.

ಕೃತಿಯ ಬಗ್ಗೆ ನನ್ನ ಆಕ್ಷೇಪವೂ ಇಲ್ಲಿಯೇ ಇದೆ. ಆಚಾರ್ಯರ ತಳಮಳಕ್ಕೆ ಪುಟಗಟ್ಟಲೆ ಜಾಗ ಕೊಡುವ ಕಾದಂಬರಿ ಚಂದ್ರಿಯ ನಿರ್ಧಾರವನ್ನು ಬೇಗ ದಾಟಿ, ಅವಳನ್ನೂ ಕಥೆಯಿಂದ ಕಳಿಸಿಬಿಡುತ್ತದೆ. ಅವಳೊಳಗೆ ಏನು ನಡೆಯಿತು ಎಂಬುದು ನಮಗೆ ಹೆಚ್ಚು ಸಿಗುವುದಿಲ್ಲ. ವಿಮರ್ಶೆಯೂ ಆಚಾರ್ಯರ ಹಿಂದೆಯೇ ಹೊರಟುಹೋದರೆ, ಅಗ್ರಹಾರ ಮಾಡಿದ್ದನ್ನೇ ನಾವೂ ಮಾಡಿದಂತೆ: ಪ್ರಶ್ನೆಯನ್ನು ಚರ್ಚಿಸುತ್ತ ಕೂತು, ಅದಕ್ಕೆ ಉತ್ತರ ಕೊಟ್ಟವಳನ್ನು ಕಾಣದೆ ಹೋಗುವುದು.

ಕಾದಂಬರಿ ಮುಗಿಯುವಾಗ ಆಚಾರ್ಯರು ಊರಿನ ಕಡೆ ಹೊರಟಿದ್ದಾರೆ. ನಾರಣಪ್ಪನ ದಹನ ಎಂದೋ ಆಗಿಹೋಗಿದೆ ಎಂಬುದು ಆಗಲೂ ಅವರಿಗೆ ಗೊತ್ತಿಲ್ಲ.