ಜ್ವಾಲೆಯ ಸಾಕ್ಷ್ಯ, ಕೆಂಡದ ಮೌನ

ಸುಗ್ಗಿ ಮುಗಿದು ಹಿತ್ತಲುಗಳಲ್ಲಿ ರಾಗಿಹುಲ್ಲಿನ ಬಣವೆಗಳು ಎದ್ದುನಿಲ್ಲುವ ಬೇಸಗೆಯಲ್ಲಿ, ಹುಲಿಕುಂಟೆಯಂಥ ಹಳ್ಳಿಯ ರೈತನಿಗೆ ಬೆಂಕಿಯೆಂದರೆ ವರುಷದ ಮೇವನ್ನೆಲ್ಲ ಒಂದೇ ಗಳಿಗೆಯಲ್ಲಿ ಕಸಿದುಕೊಳ್ಳುವ ಶತ್ರು. ರೋಹಿತಶಾಸ್ತ್ರಜ್ಞನಿಗಾದರೋ ಅದು ತನ್ನ ಅಂತರಂಗವನ್ನು ಬೆಳಕಿನ ಲಿಪಿಯಲ್ಲಿ ತಾನೇ ಬರೆದುಕೊಡುವ ಸಾಕ್ಷಿ. ಅಗ್ನಿಶಾಮಕ ರಾಸಾಯನಿಕಗಳ ಕಾರ್ಯವಿಧಾನವನ್ನು ರೋಹಿತದ ಮೂಲಕ ಅರಿಯುವ ಪದ್ಧತಿಯ ಬೆಲೆಕಟ್ಟುವಾಗ ಈ ಇಬ್ಬರ ದೃಷ್ಟಿಯನ್ನೂ ಎದುರುಬದುರಾಗಿ ಇರಿಸಿ ನೋಡುವುದು ಉಚಿತವೆಂದು ನನ್ನ ಭಾವನೆ.

ಈ ಪದ್ಧತಿಯ ಸಿದ್ಧಿ ಸಾಮಾನ್ಯವಾದುದಲ್ಲ. 1860ರ ಸುಮಾರಿಗೆ ಬುನ್ಸೆನ್ ಮತ್ತು ಕಿರ್ಖಾಫ್ ಜ್ವಾಲೆಯ ರೇಖೆಗಳಿಂದ ಧಾತುಗಳನ್ನು ಗುರುತಿಸುವ ವಿದ್ಯೆಗೆ ತಳಹದಿ ಹಾಕಿದರು. ಸೋಡಿಯಮ್ಮಿನ ಹಳದಿ ರೇಖೆ 589 ನ್ಯಾನೋಮೀಟರಿನ ಬಳಿ ಹೊಳೆಯುವಂತೆ, ಉರಿಯ ಜೀವಾಳವಾದ ಹೈಡ್ರಾಕ್ಸಿಲ್ ತನ್ನ ಇರವನ್ನು ಕಣ್ಣಿಗೆಟುಕದ ಅತಿನೇರಳೆಯಲ್ಲಿ, 308 ನ್ಯಾನೋಮೀಟರಿನ ಆಸುಪಾಸಿನಲ್ಲಿ ಸಾರುತ್ತದೆ. ದಹನವು ಹೈಡ್ರೋಜನ್ ಪರಮಾಣು, ಹೈಡ್ರಾಕ್ಸಿಲ್ ಮೊದಲಾದ ಅಲ್ಪಾಯುಷಿಗಳ ಸರಣಿಕ್ರಿಯೆಯಿಂದ ಮುಂದುವರಿಯುವುದೆಂದೂ, ಹ್ಯಾಲಾನ್ 1301 ಎಂಬ ಅಗ್ನಿಶಾಮಕ ಅನಿಲದ ಬ್ರೋಮಿನ್ ಆ ಪರಮಾಣುಗಳನ್ನು ಹಿಡಿದು ನಿಷ್ಕ್ರಿಯಗೊಳಿಸಿ, ಮರಳಿ ಬಿಡುಗಡೆಹೊಂದಿ, ಅದೇ ಕಾರ್ಯಕ್ಕೆ ಮತ್ತೆ ತೊಡಗುವುದೆಂದೂ, ಪೊಟ್ಯಾಸಿಯಂ ಲವಣದ ಪುಡಿಯೂ ಉರಿಯನ್ನು ತಣಿಸುವುದರ ಜೊತೆಗೆ ಇಂಥದೇ ಸರಣಿಯನ್ನು ಕಡಿಯುವುದೆಂದೂ ತಿಳಿಯುವಲ್ಲಿ ಇಂತಹ ಸಾಕ್ಷ್ಯದ ಪಾಲು ದೊಡ್ಡದು. ಬೆಂಕಿಯಲ್ಲಿ ಉಪಕಾರಿಯಾದ ಬ್ರೋಮಿನ್ನಿನ ಈ ದಣಿಯದ ಗುಣವೇ ವಾಯುಮಂಡಲದ ಮೇಲ್ಪದರದಲ್ಲಿ ಓಜೋನನ್ನು ನಾಶಮಾಡುವುದರಿಂದ 1987ರ ಮಾಂಟ್ರಿಯಲ್ ಒಪ್ಪಂದವು ಹ್ಯಾಲಾನುಗಳಿಗೂ ಕಡಿವಾಣ ಹಾಕಿತು. ಬದಲಿ ದ್ರವ್ಯವನ್ನು ಅರಸುವವರಿಗೆ ಕಾರ್ಯವಿಧಾನದ ಜ್ಞಾನ ಅನಿವಾರ್ಯವಾದುದು ಹೀಗೆ.

ಆದರೆ ಸಾಕ್ಷಿಯ ಮಾತನ್ನು ಅದರ ಎಲ್ಲೆಯೊಳಗೇ ನಂಬಬೇಕು. ಉತ್ಸರ್ಜನ ರೋಹಿತದಲ್ಲಿ ಮಿನುಗುವುದು ಉದ್ರಿಕ್ತಸ್ಥಿತಿಗೇರಿದ ಹೈಡ್ರಾಕ್ಸಿಲ್ ಮಾತ್ರ. ಆ ಮಿನುಗು ಮಂದವಾಯಿತೆಂದ ಮಾತ್ರಕ್ಕೆ ಜ್ವಾಲೆಯಲ್ಲಿರುವ ಒಟ್ಟು ಹೈಡ್ರಾಕ್ಸಿಲ್ ಅದೇ ಪ್ರಮಾಣದಲ್ಲಿ ಇಳಿಯಿತೆಂದು ತೀರ್ಮಾನಿಸುವುದು ಅವಸರ. ಅದಕ್ಕೆ ಹೀರಿಕೆಯ ರೋಹಿತವೋ ಲೇಸರ್ ಪ್ರತಿದೀಪ್ತಿಯೋ ಬೇಕು. ಅಲ್ಲಿಯೂ ಪುಡಿಯ ಕಣಗಳು ಬೆಳಕನ್ನು ಚದುರಿಸಿ ಅಳತೆಯನ್ನು ಕಲುಷಿತಗೊಳಿಸುತ್ತವೆ. ತಾಪ ಇಳಿದುದರಿಂದ ಕುಗ್ಗಿದುದೆಷ್ಟು, ರಸಕ್ರಿಯೆಯಿಂದ ಕುಗ್ಗಿದುದೆಷ್ಟು ಎಂಬುದನ್ನು ಬೇರ್ಪಡಿಸಲು ಜ್ವಾಲೆಯ ತಾಪವನ್ನೂ ಜೊತೆಗೇ ಅಳೆಯಬೇಕು. 1928ರಲ್ಲಿ ಪ್ರಕಟವಾದ, ಮುಂದೆ ಬೆಂಗಳೂರನ್ನೇ ಕರ್ಮಭೂಮಿಯಾಗಿಸಿಕೊಂಡ ಸಿ. ವಿ. ರಾಮನ್ನರ ಹೆಸರಿನ ಪರಿಣಾಮವು ಇಂದು ಆ ಅಳತೆಗೂ ನೆರವಾಗುತ್ತಿರುವುದು ಕನ್ನಡನಾಡಿಗೆ ಹೆಮ್ಮೆಯ ಸಂಗತಿ.

ಇದಕ್ಕಿಂತ ಗಹನವಾದ ಕೊರತೆ ಮತ್ತೊಂದುಂಟು. ಪ್ರಯೋಗಶಾಲೆಯ ಜ್ವಾಲೆ ಚಿಕ್ಕದು, ಸ್ಥಿರವಾದುದು, ಅನಿಲದಿಂದ ಹುಟ್ಟಿದುದು; ಬಣವೆಯ ಬೆಂಕಿಯಾದರೋ ಹೊರಗೆ ಆರಿದಂತೆ ತೋರಿ ಒಳಗೆ ಹೊಗೆಯುತ್ತಿರುತ್ತದೆ. ಸರಣಿಯನ್ನು ಕಡಿಯುವ ಪುಡಿ ಮೇಲಿನ ಉರಿಯನ್ನು ನಂದಿಸಿದರೂ ಒಡಲೊಳಗಿನ ಕೆಂಡವನ್ನು ಮುಟ್ಟಲಾರದು. ಆ ಕೆಂಡಕ್ಕೆ ಜ್ವಾಲೆಯ ರೇಖೆಗಳೇ ಇಲ್ಲದಿರುವಾಗ ರೋಹಿತದರ್ಶಕವು ಅದರ ವಿಷಯದಲ್ಲಿ ಮೂಕವಾಗುವುದು ಸಹಜ. ಅಮೋನಿಯಂ ಫಾಸ್ಫೇಟಿನ ಪುಡಿ ಕರಗಿ, ಉರಿಯುವ ಘನದ ಮೇಲೆ ಹೊದಿಕೆಯಾಗಿ ನಿಂತು ಮಾಡುವ ಉಪಕಾರವೂ ಜ್ವಾಲೆಯನ್ನಷ್ಟೇ ನೋಡುವ ಕಣ್ಣಿಗೆ ಕಾಣದು.

ಆದುದರಿಂದ ಈ ಪದ್ಧತಿಯನ್ನು ನಾನು ಮನಸಾರೆ ಗೌರವಿಸುತ್ತೇನೆ, ಆದರೆ ಅದನ್ನೇ ಅಂತಿಮ ಪ್ರಮಾಣವೆಂದು ಒಪ್ಪಲಾರೆ. ಬಣವೆಯನ್ನು ಪದರ ಪದರವಾಗಿ ಎಳೆದು ಹರಡಿ, ನೀರೆರೆದು, ಕೊನೆಯ ಹಿಡಿ ಹುಲ್ಲಿಗೂ ಕೈಯಿಟ್ಟು ಬಿಸಿಯಿಲ್ಲವೆಂದು ಖಚಿತಪಡಿಸಿಕೊಂಡಲ್ಲದೆ ಮನೆಗೆ ಮರಳದ ರೈತನ ಎಚ್ಚರವು ಪ್ರಯೋಗಶಾಲೆಯ ಪರೀಕ್ಷೆಗಳಲ್ಲಿಯೂ ಸೇರಿದಂದು ಈ ವಿದ್ಯೆ ಪೂರ್ಣವಾಗುವುದು.